ಆನೆಯ ಬೆಲೆ, ಆನೆಯ ಮೇವು

ಪರಊರಿನಲ್ಲಿ ದುಡಿದು ಮನೆಗೆ ಮರಳಿದ ಮಗನು ನಮ್ಮ ಕರಾವಳಿಯಲ್ಲಿ ಮೊದಲನೆಯ ವಾರ ನೀರುದೋಸೆಯನ್ನು ಕೇಳುತ್ತಾನೆ. ಎರಡನೆಯ ವಾರ ಕಾರನ್ನು ಕೇಳುತ್ತಾನೆ. ನೀರುದೋಸೆಗೆ ಯಾವ ಮನೆಯಲ್ಲಿಯೂ ಆಕ್ಷೇಪವಿಲ್ಲ. ಕಾರಿನ ಮಾತು ಬಂದಾಗ ಮಾತ್ರ ಚಾವಡಿಯಲ್ಲಿ ಎರಡು ಪಕ್ಷಗಳಾಗುತ್ತವೆ.

ನನ್ನ ಹೆಂಡತಿಯ ತಮ್ಮನು ಆರು ವರ್ಷ ದುಬಾಯಿಯಲ್ಲಿದ್ದು ಕಳೆದ ಚಳಿಗಾಲದಲ್ಲಿ ಕಾಪುವಿಗೆ ಮರಳಿದನು. ಮಣಿಪಾಲದಲ್ಲಿ ಒಳ್ಳೆಯ ಕೆಲಸವೂ ದೊರೆಯಿತು. ಮನೆಯಿಂದ ಕಚೇರಿಗೆ ಸುಮಾರು 18 ಕಿ.ಮೀ. ದಾರಿ. ಕೈಯಲ್ಲಿ ಇಪ್ಪತ್ತೆರಡು ಲಕ್ಷ ರೂಪಾಯಿಗಳ ಉಳಿತಾಯ. ಆ ಇಪ್ಪತ್ತೆರಡು ಲಕ್ಷದೊಳಗೆ ಹಳೆಯ ಹಂಚಿನ ಮನೆಯ ಮಾಡಿನ ರಿಪೇರಿಯೂ, ನಮ್ಮ ಅತ್ತೆಯವರ ಮಂಡಿಯ ಶಸ್ತ್ರಚಿಕಿತ್ಸೆಯೂ ಯಾರೂ ಬಾಯಿಬಿಟ್ಟು ಹೇಳದೆಯೇ ಸೇರಿಕೊಂಡಿದ್ದವು. ಹೇಳದೆ ಇದ್ದುದರಿಂದಲೇ ಅವು ಅವನ ಲೆಕ್ಕಕ್ಕೆ ಬರಲಿಲ್ಲವೆಂದು ಕಾಣುತ್ತದೆ.

ಒಂದು ಭಾನುವಾರ ಬೆಳಿಗ್ಗೆ ಅವನು ನನ್ನಲ್ಲಿಗೆ ಬಂದು, “ಭಾವ, ಕಾರ್ಕಳಕ್ಕೆ ಹೋಗಿಬರುವ. ಒಂದು ಕಾರು ನೋಡಲಿಕ್ಕುಂಟು. ನೀವು ಬಂದರೆ ಅಪ್ಪಯ್ಯನಿಗೆ ಹೇಳಲು ಸುಲಭವಾಗುತ್ತದೆ” ಎಂದನು. ಕನ್ನಡದ ಅಧ್ಯಾಪಕನನ್ನು ಕಾರಿನ ಪರೀಕ್ಷೆಗೆ ಕರೆದೊಯ್ಯುವುದರ ಅರ್ಥ ನನಗೆ ತಿಳಿಯದೆ ಇರಲಿಲ್ಲ. ನಾನು ಪರೀಕ್ಷಕನಾಗಿ ಅಲ್ಲ, ಸಾಕ್ಷಿಯಾಗಿ ಬೇಕಾಗಿದ್ದೆನು.

ಕಾರ್ಕಳದ ಉದ್ಯಮಿಯೊಬ್ಬರ ಅಂಗಳದಲ್ಲಿ ಅದು ನಿಂತಿತ್ತು. 2014ರ ಮಾದರಿಯ ಬಿಎಂಡಬ್ಲ್ಯೂ 530ಡಿ, ಕಡುನೀಲಿ ಬಣ್ಣ, ದೆಹಲಿಯ ನೋಂದಣಿ. ಹೊಸದಾಗಿದ್ದಾಗ ಅದರ ಬೆಲೆ ಅರುವತ್ತು ಲಕ್ಷದ ಸಮೀಪವಿತ್ತು. ಈಗ ಕೇಳುತ್ತಿದ್ದುದು ಹದಿನಾರು ಲಕ್ಷ. ಮೂರು ಲೀಟರಿನ, ಆರು ಸಿಲಿಂಡರುಗಳ ಡೀಸೆಲ್ ಇಂಜಿನು, 258 ಅಶ್ವಶಕ್ತಿ, ನಿಂತಲ್ಲಿಂದ ನೂರು ಕಿ.ಮೀ. ವೇಗಕ್ಕೆ ಆರು ಸೆಕೆಂಡುಗಳ ಆಸುಪಾಸು. “ಇಷ್ಟು ಹಣಕ್ಕೆ ಹೊಸದಾಗಿ ಸಿಗುವ ಕಾರಿಗೆ ಇದರ ಅರ್ಧ ಶಕ್ತಿಯೂ ಇಲ್ಲ ಭಾವ” ಎಂದನು ಅವನು. ಅದು ಬಹುಮಟ್ಟಿಗೆ ನಿಜವೇ ಆಗಿತ್ತು.

ದೆಹಲಿಯ ಕಾರು ಕಾರ್ಕಳಕ್ಕೆ ಬಂದ ಬಗೆಯನ್ನು ವಾಚಕರಿಗೆ ತಿಳಿಸಬೇಕು. ರಾಜಧಾನಿ ಪ್ರದೇಶದಲ್ಲಿ ಹತ್ತು ವರ್ಷ ಮೀರಿದ ಡೀಸೆಲ್ ವಾಹನಗಳು ಓಡಕೂಡದೆಂದು ರಾಷ್ಟ್ರೀಯ ಹಸಿರು ನ್ಯಾಯಾಧಿಕರಣವು 2015ರಲ್ಲಿ ಆಜ್ಞೆ ಮಾಡಿತು. 2018ರಲ್ಲಿ ಸುಪ್ರೀಂ ಕೋರ್ಟು ಅದನ್ನು ಎತ್ತಿಹಿಡಿಯಿತು. 2025ರ ಆಗಸ್ಟಿನಲ್ಲಿ, ಮಾಲೀಕರ ಮೇಲೆ ಸದ್ಯಕ್ಕೆ ಬಲವಂತದ ಕ್ರಮ ಬೇಡವೆಂದು ಅದೇ ನ್ಯಾಯಾಲಯ ಹೇಳಿತು. ಅಷ್ಟರೊಳಗೆ ಅಲ್ಲಿನ ಶ್ರೀಮಂತರ ಎಷ್ಟೋ ಡೀಸೆಲ್ ಕಾರುಗಳು ಇಳಿದ ಬೆಲೆಗೆ ಬೇರೆ ಬೇರೆ ರಾಜ್ಯಗಳ ದಾರಿ ಹಿಡಿದಿದ್ದವು. ನಗರವೊಂದು ಮುದಿಯೆಂದು ತಳ್ಳಿದ ಕುದುರೆಯು ಇನ್ನೊಂದು ಊರಿನಲ್ಲಿ ಮದುವಣಿಗನ ಕುದುರೆಯಾಗುವುದು ಹೊಸ ಸಂಗತಿಯೇನೂ ಅಲ್ಲ.

ಮಾಲೀಕರು ಕೀಲಿಕೈ ಕೊಟ್ಟರು. ನಿಟ್ಟೆ, ಬೆಳ್ಮಣ್ಣುಗಳನ್ನು ದಾಟಿ ಪಡುಬಿದ್ರಿಯ ಹೆದ್ದಾರಿಯವರೆಗೆ ಹೋಗಿ ಬಂದೆವು. ಹೋಗುವಾಗ ಅವನು ಓಡಿಸಿದನು, ಬರುವಾಗ ನಾನು. ಇಲ್ಲಿ ನಾನು ಪ್ರಾಮಾಣಿಕನಾಗಿರಬೇಕು. ಆ ಕಾರು ಓಡುತ್ತಿರಲಿಲ್ಲ, ಹರಿಯುತ್ತಿತ್ತು. ಏರಿನಲ್ಲಿ ಪಾದವನ್ನು ತುಸುವೇ ಒತ್ತಿದರೆ ಬೆನ್ನನ್ನು ಯಾರೋ ಮೆಲ್ಲನೆ ಹಿಂದಕ್ಕೆ ಒರಗಿಸಿದಂತಾಗುತ್ತಿತ್ತು. ಒಳಗೆ ಸದ್ದಿಲ್ಲ. ಬದಿಯಲ್ಲಿ ಬಸ್ಸಿಗೆ ಕಾದಿದ್ದ ನನ್ನ ಇಬ್ಬರು ವಿದ್ಯಾರ್ಥಿಗಳು ನೋಡಿದರು. ಅವರು ನೋಡಿದರೆಂಬುದನ್ನು ನಾನು ನೋಡಿದೆನು. ಹತ್ತು ವರ್ಷಗಳಿಂದ ವೈರಾಗ್ಯದ ವಚನಗಳನ್ನು ಪಾಠ ಹೇಳುತ್ತಿರುವ ನನಗೆ ಆ ಕ್ಷಣದಲ್ಲಿ ವೈರಾಗ್ಯದ ನೆನಪಾಗಲಿಲ್ಲ.

ಆದರೂ ಮುಂಗಡ ಕೊಡುವ ಮೊದಲು ಕಾರನ್ನು ಉಡುಪಿಯ ಪರಿಚಿತ ಮೆಕ್ಯಾನಿಕರೊಬ್ಬರಿಗೆ ತೋರಿಸುವುದೆಂದಾಯಿತು. ವಯಸ್ಸಾದವರು, ಮಾತು ಕಡಿಮೆ. ಅವರು ಮೊದಲು ಬಾನೆಟ್ಟನ್ನು ತೆರೆಯಲಿಲ್ಲ. ಸೀಟಿನ ಪಟ್ಟಿಯನ್ನು ಕೊನೆಯವರೆಗೂ ಎಳೆದು ನೋಡಿದರು. “ನೆರೆಯಲ್ಲಿ ಮುಳುಗಿದ ಕಾರಾದರೆ ಪಟ್ಟಿಯ ಬುಡದಲ್ಲಿ ಕೆಸರಿನ ಗೆರೆ ಇರುತ್ತದೆ. ಹೊರಗೆ ಎಷ್ಟು ತೊಳೆದರೂ ಅಲ್ಲಿಯವರೆಗೆ ಯಾರೂ ತೊಳೆಯುವುದಿಲ್ಲ” ಎಂದರು. 2020ರ ಸೆಪ್ಟೆಂಬರ್ 20ರಂದು ಉಡುಪಿಯ ಬೀದಿಗಳೇ ಹೊಳೆಯಾದುದನ್ನು ಕಂಡವರ ಮಾತು ಅದು. ಗೆರೆ ಇರಲಿಲ್ಲ. ಬಳಿಕ ಕಂಪ್ಯೂಟರು ಜೋಡಿಸಿ, ಕಾರಿನೊಳಗಿನ ಬೇರೆ ಬೇರೆ ಯಂತ್ರಪೆಟ್ಟಿಗೆಗಳಲ್ಲಿ ದಾಖಲಾಗಿರುವ ಕಿಲೋಮೀಟರು ಮುಂದಿನ ಫಲಕದ ಸಂಖ್ಯೆಗೆ ಹೊಂದುತ್ತದೆಯೇ ಎಂದು ನೋಡಿದರು. ಹೊಂದಿತು. ಮಾರುವವರು ಸಜ್ಜನರೇ ಆಗಿದ್ದರು.

“ಕಾರು ಒಳ್ಳೆಯದುಂಟು. ಸಾಕುವುದು ನಿಮಗೆ ಬಿಟ್ಟದ್ದು” ಎಂದು ಹೇಳಿ ಅವರು ಬೆರಳು ಮಡಿಸತೊಡಗಿದರು. ಈ ಇಂಜಿನಿನ ಟೈಮಿಂಗ್ ಚೈನು ಹಿಂಬದಿಯಲ್ಲಿ, ಗಿಯರುಪೆಟ್ಟಿಗೆಯ ಕಡೆಗಿದೆ. ಅದು ಸವೆದರೆ ಚೈನಿನ ಬೆಲೆಗಿಂತ ಅದನ್ನು ತಲಪುವ ಕೂಲಿಯೇ ಹೆಚ್ಚು, ಏಕೆಂದರೆ ಇಂಜಿನನ್ನೋ ಗಿಯರುಪೆಟ್ಟಿಗೆಯನ್ನೋ ಕೆಳಗಿಳಿಸಬೇಕು. ಎಂಟು ಗಿಯರುಗಳ ಪೆಟ್ಟಿಗೆಯ ಎಣ್ಣೆಯನ್ನು 80,000ದಿಂದ 1,20,000 ಕಿ.ಮೀ.ಗಳ ನಡುವೆ ಬದಲಿಸಬೇಕೆಂದು ಅದನ್ನು ತಯಾರಿಸಿದ ಜಡ್‌ಎಫ್ ಸಂಸ್ಥೆಯೇ ಹೇಳುತ್ತದೆ, ಅನೇಕರು ಬದಲಿಸುವುದಿಲ್ಲ. ಟಯರುಗಳು ರನ್‌ಫ್ಲ್ಯಾಟ್ ಜಾತಿಯವು. ಗಾಳಿ ಹೋದರೂ ಸುಮಾರು 80 ಕಿ.ಮೀ. ದೂರ ನಿಧಾನವಾಗಿ ಓಡುತ್ತವೆ. ಆದರೆ ಅವುಗಳ ಗೋಡೆ ಬಿರುಸು, ಬೆಲೆಯೂ ಬಿರುಸು. ಮಳೆಗಾಲದ ಹೊಂಡಗಳ ಪೆಟ್ಟೆಲ್ಲವೂ ರಿಮ್ಮಿಗೂ ಸಸ್ಪೆನ್ಶನಿನ ಬುಷ್ಷುಗಳಿಗೂ ತಗಲುತ್ತದೆ. ಮನೆ ಸಮುದ್ರದ ಬಳಿಯಾದರೆ ಉಪ್ಪುಗಾಳಿ ತಳಭಾಗದ ಕಬ್ಬಿಣವನ್ನೂ ವಿದ್ಯುತ್ ಜೋಡಣೆಗಳನ್ನೂ ತಿನ್ನುತ್ತದೆ.

“ಇನ್ನೊಂದು ಮಾತು. ನೀವು ಉಡುಪಿ–ಮಣಿಪಾಲದ ನಡುವೆ ಐದೈದು ಕಿ.ಮೀ. ಓಡಿಸಿ ನಿಲ್ಲಿಸುವವರಾದರೆ ದೊಡ್ಡ ಡೀಸೆಲ್ ಇಂಜಿನು ಕೊಳ್ಳಬೇಡಿ. ಅದು ಬಿಸಿಯಾಗುವುದರೊಳಗೆ ನೀವು ಇಳಿದಾಗಿರುತ್ತದೆ. ಹೊಗೆಯ ಮಸಿ ಒಳಗೇ ಕಟ್ಟಿಕೊಳ್ಳುತ್ತದೆ” ಎಂದರು. ಇದು ಅನೇಕರಿಗೆ ತಿಳಿಯದ ಸಂಗತಿ. 2020ರ ಏಪ್ರಿಲಿನ ಬಳಿಕ ಬಂದ ಬಿಎಸ್–6 ಡೀಸೆಲ್ ಕಾರುಗಳಲ್ಲಿ ಮಸಿಯನ್ನು ಹಿಡಿದಿಡುವ ಶೋಧಕವೇ ಒಂದಿದೆ. ಅದು ತನ್ನನ್ನು ತಾನು ಸುಟ್ಟು ಶುಚಿಮಾಡಿಕೊಳ್ಳಬೇಕಾದರೆ ಹೆದ್ದಾರಿಯ ದೀರ್ಘ ಓಟ ಬೇಕು. ದಿನವೂ ಪೇಟೆಗೆ ಹೋಗಿ ತರಕಾರಿ ತರುವವನಿಗೆ ಅಂಥ ಕಾರು ಉಪಕಾರಿಯಲ್ಲ.

ಸಂಜೆ ಕಾಪುವಿನ ಚಾವಡಿಯಲ್ಲಿ ಸಭೆ ಸೇರಿತು. ನಮ್ಮ ಮಾವನವರು ಸಿಂಡಿಕೇಟ್ ಬ್ಯಾಂಕಿನಲ್ಲಿ ಗುಮಾಸ್ತರಾಗಿ ಸೇರಿ ಅಲ್ಲಿಯೇ ನಿವೃತ್ತರಾದವರು. 1925ರಲ್ಲಿ ಉಡುಪಿಯಲ್ಲಿ ಹುಟ್ಟಿ, ಮಣಿಪಾಲದಲ್ಲಿ ಬೆಳೆದು, 2020ರ ಏಪ್ರಿಲ್ 1ರಂದು ಕೆನರಾ ಬ್ಯಾಂಕಿನಲ್ಲಿ ಲೀನವಾದ ಆ ಬ್ಯಾಂಕಿನ ಹೆಸರನ್ನು ಇಂದಿಗೂ ಅವರು ಭೂತಕಾಲದಲ್ಲಿ ಹೇಳುವುದಿಲ್ಲ. ಮಗನು ಕಾರಿನ ಚಿತ್ರವನ್ನು ತೋರಿಸಿದನು. ಅವರು ಚಿತ್ರವನ್ನು ಮೆಚ್ಚಿದರು. ಬಳಿಕ, “ಬೆಲೆ ಕೇಳಿದೆ. ಮೇವು ಎಷ್ಟು?” ಎಂದರು.

“ಲೀಟರಿಗೆ ಹತ್ತು ಕಿ.ಮೀ. ಕೊಡುತ್ತದೆ ಅಪ್ಪಯ್ಯ.”

“ಅದು ನೀರು ಮಾತ್ರ. ನಾನು ಕೇಳಿದ್ದು ಮೇವು.”

ಅವರು ಹಳೆಯ ಲೆಕ್ಕದ ಪುಸ್ತಕವನ್ನು ತಂದು ಮೂರು ಪಂಕ್ತಿಗಳನ್ನು ಎಳೆದರು. ಮೊದಲನೆಯದರಲ್ಲಿ ಕಾರ್ಕಳದ ಕಾರು. ಎರಡನೆಯದರಲ್ಲಿ ಮಂಗಳೂರಿನಲ್ಲಿ ಹದಿನೆಂಟು ಲಕ್ಷಕ್ಕೆ ಹೇಳಿದ್ದ 2018ರ ಸ್ಕೋಡಾ ಆಕ್ಟೇವಿಯಾ ಆರ್‌ಎಸ್. ಎರಡು ಲೀಟರಿನ ಪೆಟ್ರೋಲ್ ಇಂಜಿನು, 230 ಅಶ್ವಶಕ್ತಿ, ಹೊಸದಾಗಿದ್ದಾಗ ಇಪ್ಪತ್ತೈದು ಲಕ್ಷದ ಆಸುಪಾಸು. ಮೂರನೆಯದರಲ್ಲಿ ಹದಿನಾರು ಲಕ್ಷದ ಒಂದು ಹೊಸ ಸಾಧಾರಣ ಕಾರು. ವರ್ಷಕ್ಕೆ 10,000 ಕಿ.ಮೀ. ಓಟವೆಂದು ಇಟ್ಟುಕೊಂಡೆವು. ಲೆಕ್ಕದ ಅನುಕೂಲಕ್ಕೆ ಡೀಸೆಲಿಗೆ 90 ರೂಪಾಯಿ, ಪೆಟ್ರೋಲಿಗೆ 100 ರೂಪಾಯಿ. ಉಳಿದ ಅಂಕಿಗಳನ್ನು ಮೆಕ್ಯಾನಿಕರಿಂದಲೂ ಅಂಗಡಿಗಳಿಂದಲೂ ಕೇಳಿ ಬರೆದೆವು. ಅವು ನಮ್ಮ ಮನೆಯ ಅಂದಾಜುಗಳೆಂದು ವಾಚಕರು ತಿಳಿಯಬೇಕು.

ಮೊದಲನೆಯ ಪಂಕ್ತಿ: ಇಂಧನಕ್ಕೆ 90,000, ವಿಮೆಗೆ 50,000, ಎಣ್ಣೆ, ಶೋಧಕ ಮೊದಲಾದ ವಾರ್ಷಿಕ ಸರ್ವೀಸಿಗೆ 50,000, ಮೂರು ವರ್ಷ ಬಾಳುವ ಟಯರುಗಳಿಗೆ ವರ್ಷವೊಂದರ ಪಾಲು 40,000, ಯಾವಾಗ ಬರುವುದೆಂದು ತಿಳಿಯದ ದೊಡ್ಡ ರಿಪೇರಿಗಳಿಗೆ ತೆಗೆದಿಡಬೇಕಾದುದು 1,50,000. ಒಟ್ಟು 3,80,000.

ಎರಡನೆಯ ಪಂಕ್ತಿ: ಇಂಧನಕ್ಕೆ 1,00,000, ವಿಮೆಗೆ 35,000, ಸರ್ವೀಸಿಗೆ 25,000, ಟಯರಿಗೆ 20,000, ರಿಪೇರಿಯ ಮೀಸಲು 50,000. ಒಟ್ಟು 2,30,000.

ಮೂರನೆಯ ಪಂಕ್ತಿ: ಲೀಟರಿಗೆ ಹದಿನೈದು ಕಿ.ಮೀ. ಎಂದರೆ ಇಂಧನಕ್ಕೆ 67,000, ವಿಮೆಗೆ 50,000, ಸರ್ವೀಸು, ಟಯರು, ಮೀಸಲು ಮೂರಕ್ಕೂ ಹತ್ತು ಹತ್ತು ಸಾವಿರ. ಒಟ್ಟು 1,47,000.

ಪಂಕ್ತಿಗಳನ್ನು ನೋಡಿ ನನಗೆ ಆಶ್ಚರ್ಯವಾಯಿತು. ನಾವು ಹಳೆಯ ಕಾರಿನ ಮುಂದೆ ನಿಂತು ಮೊದಲು ಕೇಳುವ ಪ್ರಶ್ನೆ “ಲೀಟರಿಗೆ ಎಷ್ಟು?” ಎಂಬುದು. ಆದರೆ ಮೂರು ಕಾರುಗಳ ಇಂಧನದ ಖರ್ಚಿನಲ್ಲಿ ಇರುವ ಅಂತರ ವರ್ಷಕ್ಕೆ ಮೂವತ್ತು ಸಾವಿರದ ಸುಮಾರು ಮಾತ್ರ. ನಿಜವಾದ ಅಂತರವಿರುವುದು ಯಾರೂ ಕೇಳದ ಕೊನೆಯ ಸಾಲಿನಲ್ಲಿ. ಕಾರಣ ಸರಳವಾಗಿದೆ. ಹತ್ತು ವರ್ಷಗಳಲ್ಲಿ ಕಾರಿನ ಬೆಲೆ ಅರುವತ್ತರಿಂದ ಹದಿನಾರಕ್ಕೆ ಇಳಿಯಿತು. ಆದರೆ ಅದರ ಟರ್ಬೊ, ಅದರ ದೀಪ, ಅದರ ಬ್ರೇಕು, ಅದರ ಗಿಯರುಪೆಟ್ಟಿಗೆ ಇವು ಯಾವುವೂ ಹದಿನಾರು ಲಕ್ಷದ ಕಾರಿನ ಭಾಗಗಳಾಗಲಿಲ್ಲ. ಅವು ಇಂದಿಗೂ ಅರುವತ್ತು ಲಕ್ಷದ ಕಾರಿನ ಭಾಗಗಳೇ. ಬೆಲೆ ಕಾರಿನ ವಯಸ್ಸನ್ನು ನೋಡುತ್ತದೆ. ಖರ್ಚು ಕಾರಿನ ಹುಟ್ಟನ್ನು ನೋಡುತ್ತದೆ.

ಸರಕಾರವೂ ಹುಟ್ಟನ್ನು ಮರೆಯುವುದಿಲ್ಲ. ಕರ್ನಾಟಕದಲ್ಲಿ ಇಪ್ಪತ್ತು ಲಕ್ಷ ಮೀರಿದ ಹೊಸ ಕಾರಿಗೆ ಆಜೀವ ತೆರಿಗೆ ಬೆಲೆಯ ಶೇಕಡಾ 18. ಅದರ ಮೇಲೆ ಉಪಕರ. ಹೊರರಾಜ್ಯದ ಹಳೆಯ ಕಾರನ್ನು ಇಲ್ಲಿ ನೋಂದಾಯಿಸುವಾಗ ವಯಸ್ಸಿಗೆ ತಕ್ಕಷ್ಟು ರಿಯಾಯಿತಿ ಉಂಟು. ಆದರೆ ಲೆಕ್ಕ ಆರಂಭವಾಗುವುದು ನೀವು ಕೊಟ್ಟ ಬೆಲೆಯಿಂದಲ್ಲ, ಹೊಸದಾಗಿದ್ದಾಗಿನ ಬೆಲೆಯಿಂದ. ದೆಹಲಿಯ ಫಲಕದ ಕಾರನ್ನು ಕೊಳ್ಳುವವರು ಈ ಮೊತ್ತವನ್ನು ಪ್ರಾದೇಶಿಕ ಸಾರಿಗೆ ಕಚೇರಿಯಲ್ಲಿ ಕೇಳಿ ತಿಳಿದ ಬಳಿಕವೇ ಚೌಕಾಸಿಗೆ ಕೂರುವುದು ಲೇಸು. ಇಲ್ಲಿಯೇ ನೋಂದಣಿಯಾದ ಕೆಎ–20ರ ಹಳೆಯ ಕಾರಿಗೆ ಈ ತೊಡಕಿಲ್ಲ. ತೆರಿಗೆಯನ್ನು ಮೊದಲ ಮಾಲೀಕನೇ ಕಟ್ಟಿರುತ್ತಾನೆ. ವಿಮೆಯ ಮಾತೂ ಹೀಗೆಯೇ. ಸಾಮಾನ್ಯ ಪಾಲಿಸಿಯಲ್ಲಿ ರಬ್ಬರು, ಪ್ಲಾಸ್ಟಿಕ್, ಟಯರು, ಬ್ಯಾಟರಿಗಳ ಬೆಲೆಯಲ್ಲಿ ಅರ್ಧವನ್ನು ಸವಕಳಿಯೆಂದು ಕಳೆಯುತ್ತಾರೆ. ಪೂರ್ತಿ ಹಣ ಕೊಡುವ ಪಾಲಿಸಿ ವಯಸ್ಸಾದ ಕಾರಿಗೆ ದೊರೆಯುವುದು ಕಷ್ಟ.

ಹುಡುಗನು ಸುಮ್ಮನೆ ಸೋಲುವವನಲ್ಲ. “ಹೊಸ ಕಾರಿನ ಬೆಲೆ ಇಳಿಯುವುದನ್ನು ನೀವು ಬರೆಯಲೇ ಇಲ್ಲ ಅಪ್ಪಯ್ಯ” ಎಂದನು. ನ್ಯಾಯವಾದ ಆಕ್ಷೇಪ. ವಿಮೆಯವರ ಸವಕಳಿಯ ಪಟ್ಟಿಯಂತೆ ಐದನೆಯ ವರ್ಷಕ್ಕೆ ಕಾರಿನ ಬೆಲೆ ಅರ್ಧವಾಗುತ್ತದೆ. ಹದಿನಾರು ಲಕ್ಷದ ಹೊಸ ಕಾರು ವರ್ಷಕ್ಕೆ 1,60,000 ರೂಪಾಯಿ ಕರಗಿತೆಂದು ಲೆಕ್ಕ. ಇದನ್ನು ಮೂರನೆಯ ಪಂಕ್ತಿಗೆ ಸೇರಿಸಿದರೆ ಅದು ಮೂರು ಲಕ್ಷವನ್ನು ದಾಟುತ್ತದೆ. “ಬರೆದೆ” ಎಂದು ಮಾವನವರು ಬರೆದರು. ಬಳಿಕ ಕೇಳಿದರು: “ನಿನ್ನ ಹದಿನಾರು ಲಕ್ಷದ ಹಳೆಯದು ಕರಗುವುದಿಲ್ಲವೋ? ಐದು ವರ್ಷ ಕಳೆದ ಮೇಲೆ ಹದಿನೈದು ತುಂಬಿದ ಕಾರನ್ನು ಯಾರು ಕೊಳ್ಳುತ್ತಾರೆ?” ಹುಡುಗನು ಉತ್ತರ ಕೊಡಲಿಲ್ಲ. ಆ ಸಾಲು ಮೂರು ಪಂಕ್ತಿಗಳಲ್ಲಿಯೂ ಹೆಚ್ಚುಕಡಿಮೆ ಸಮನಾಗಿ ಹೊಡೆದುಹೋಯಿತು.

ನಡುವಿನ ಕಾರಿನ ಬಗೆಗೆ ಎರಡು ಮಾತು. ಅದರ ಬಹುಪಾಲು ಭಾಗಗಳು ಸಾಧಾರಣ ಆಕ್ಟೇವಿಯಾದ ಭಾಗಗಳೇ. ಆದಕಾರಣ ಅದು ಓಡುವುದು ಶ್ರೀಮಂತನಂತೆ, ಉಣ್ಣುವುದು ಗೃಹಸ್ಥನಂತೆ. ಅದರ ಎರಡು ಕ್ಲಚ್ಚಿನ ಗಿಯರುಪೆಟ್ಟಿಗೆಗೆ 60,000 ಕಿ.ಮೀ.ಗೊಮ್ಮೆ ಎಣ್ಣೆ ಬದಲಿಸಿರುವ ದಾಖಲೆಯನ್ನು ಕೇಳಬೇಕು. ಈಗಿನ ಪೆಟ್ರೋಲಿನಲ್ಲಿ ಶೇಕಡಾ 20ರಷ್ಟು ಎಥನಾಲ್ ಇರುವುದರಿಂದ, ಆ ವರ್ಷದ ಇಂಜಿನಿಗೆ ಅಷ್ಟು ಒಪ್ಪುತ್ತದೆಯೇ ಎಂದು ಕೈಪಿಡಿಯನ್ನು ನೋಡಬೇಕು. ಶಕ್ತಿಯ ಮೋಹವುಳ್ಳವರೂ ಒಂದನ್ನು ನೆನೆಯಬೇಕು: ನಮ್ಮ ನಾಲ್ಕು ಪಥದ ಹೆದ್ದಾರಿಯಲ್ಲಿ ಕಾರಿಗೆ 2018ರ ಕೇಂದ್ರದ ಅಧಿಸೂಚನೆಯು ಇಟ್ಟ ಮಿತಿ ಗಂಟೆಗೆ 100 ಕಿ.ಮೀ. ಅಲ್ಲಿಗೆ ಆರು ಸೆಕೆಂಡಿನಲ್ಲಿ ತಲಪಿದವನೂ ಏಳು ಸೆಕೆಂಡಿನಲ್ಲಿ ತಲಪಿದವನೂ ಹೆಜಮಾಡಿಯ ಟೋಲುಗೇಟಿನಲ್ಲಿ ಒಂದೇ ಸಾಲಿನಲ್ಲಿ ನಿಲ್ಲುತ್ತಾರೆ.

ಮಾವನವರು ಒಟ್ಟು ಮೊತ್ತವನ್ನು 365ರಿಂದ ಭಾಗಿಸಿದರು. ಮೊದಲನೆಯ ಕಾರಿಗೆ ದಿನಕ್ಕೆ 1,040 ರೂಪಾಯಿ; ಎರಡನೆಯದಕ್ಕೆ 630; ಮೂರನೆಯದಕ್ಕೆ 400. “1928ರಲ್ಲಿ ನಮ್ಮ ಬ್ಯಾಂಕು ಪಿಗ್ಮಿ ಠೇವಣಿಯನ್ನು ಆರಂಭಿಸಿತು. ಮನೆಬಾಗಿಲಿಗೆ ಹೋಗಿ ದಿನಕ್ಕೆ ಎರಡಾಣೆ ಸಂಗ್ರಹಿಸುತ್ತಿದ್ದರು. ವರ್ಷಕ್ಕೊಮ್ಮೆ ನಲವತ್ತೈದು ರೂಪಾಯಿ ಕೊಡು ಎಂದರೆ ನೇಕಾರನೂ ಬುಟ್ಟಿ ಹೊರುವವಳೂ ಕೊಡಲಾರರು. ದಿನಕ್ಕೆ ಎರಡಾಣೆ ಕೊಡಬಲ್ಲರು. ದೊಡ್ಡ ಮೊತ್ತ ಮನುಷ್ಯನನ್ನು ಹೆದರಿಸುತ್ತದೆ, ಇಲ್ಲವೆ ಮರುಳುಮಾಡುತ್ತದೆ. ದಿನದ ಮೊತ್ತ ಮಾತ್ರ ಸುಳ್ಳು ಹೇಳುವುದಿಲ್ಲ. ನೀನು ಕಾರು ಕೊಳ್ಳುವುದಕ್ಕೆ ನನ್ನ ಅಡ್ಡಿಯಿಲ್ಲ. ಆರು ತಿಂಗಳು ದಿನವೂ 1,040 ರೂಪಾಯಿಗಳನ್ನು ಬೇರೆ ಖಾತೆಗೆ ಹಾಕು. ಕೈ ನೋಯದಿದ್ದರೆ ಕೊಂಡುಕೋ” ಎಂದರು.

ಅವನು ಒಪ್ಪಿದನು, ಛಲಗಾರ. ಮಾರ್ಚಿನಲ್ಲಿ ಒಂದು ದಿನವೂ ತಪ್ಪಲಿಲ್ಲ. ಏಪ್ರಿಲಿನಲ್ಲಿಯೂ ತಪ್ಪಲಿಲ್ಲ. ಮೇ ತಿಂಗಳಲ್ಲಿ ಗೆಳೆಯನ ಮದುವೆ ಬಂದಿತು. ಖಾತೆಗೆ ಸೇರಿದ್ದು ಹತ್ತೊಂಬತ್ತು ಸಾವಿರ. ಮಾವನವರು ಪುಸ್ತಕದಲ್ಲಿ ಬರೆದುಕೊಂಡು, “ಇದು ಎರಡನೆಯ ಪಂಕ್ತಿಯ ಮೇವು” ಎಂದಷ್ಟೇ ಹೇಳಿದರು. ಆ ಹೊತ್ತಿಗೆ ಕಾರ್ಕಳದ ಕಾರು ಬೇರೊಬ್ಬರಿಗೆ ಮಾರಾಟವಾಗಿತ್ತು.

ಜೂನಿನ ಮೊದಲ ಮಳೆಗೆ ಮನೆಯ ಮಾಡು ನಡುಗೋಣೆಯಲ್ಲಿ ಸೋರಿತು. ಹಂಚು ತೆಗೆದು ನೋಡಿದರೆ ಐದು ಪಕ್ಕಾಸುಗಳನ್ನು ಗೆದ್ದಲು ತಿಂದಿತ್ತು. ಮಾವನವರು ಏನೂ ಹೇಳಲಿಲ್ಲ, ನಾನೂ ಹೇಳಲಿಲ್ಲ. ಅವನೇ ಪಿಗ್ಮಿಯ ಖಾತೆಯಿಂದ ಹಣ ತೆಗೆದು ಬಡಗಿಯನ್ನು ಕರೆಸಿದನು. ಆಗಸ್ಟಿನಲ್ಲಿ ಮಣಿಪಾಲದ ಆಸ್ಪತ್ರೆಯಲ್ಲಿ ಅತ್ತೆಯವರ ಮಂಡಿಯ ಶಸ್ತ್ರಚಿಕಿತ್ಸೆಯಾಯಿತು. ಅದರ ಹಣವನ್ನೂ ಅವನೇ ಕಟ್ಟಿದನು. ಆಸ್ಪತ್ರೆಯ ಮೊಗಸಾಲೆಯಲ್ಲಿ ಕುಳಿತು, “ಅಮ್ಮ ಇಷ್ಟು ವರ್ಷ ಮೆಟ್ಟಿಲನ್ನು ಅಡ್ಡವಾಗಿ ಇಳಿಯುತ್ತಿದ್ದುದನ್ನು ನಾನು ಫೋನಿನಲ್ಲಿ ಕಾಣಲಿಲ್ಲ ಭಾವ” ಎಂದನು. ಅದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ.

ಹಾಗೆಂದು ದೊಡ್ಡ ಕಾರು ಕೊಳ್ಳುವವರೆಲ್ಲ ಅವಿವೇಕಿಗಳೆಂದು ನಾನು ಬರೆಯಲಾರೆ. ಬರೆದರೆ, ಬೆಳ್ಮಣ್ಣಿನ ದಾರಿಯ ಆ ಅರ್ಧ ಗಂಟೆ ನನ್ನನ್ನು ನೋಡಿ ನಕ್ಕೀತು. ಸೊಗಸಾದ ಯಂತ್ರವನ್ನು ಮೆಚ್ಚುವುದು ತಪ್ಪಲ್ಲ. 1432ರಲ್ಲಿ ಕಾರ್ಕಳದ ಬಂಡೆಯ ಮೇಲೆ ನಿಂತ 42 ಅಡಿಯ ಗೊಮ್ಮಟನು ಒಂದೇ ಕಲ್ಲಿನವನು. ಅವನಿಗೂ ಹನ್ನೆರಡು ವರ್ಷಕ್ಕೊಮ್ಮೆ ಮಹಾಮಸ್ತಕಾಭಿಷೇಕದ ಖರ್ಚಿದೆ. ಸಾವಿರಾರು ಭಾಗಗಳ ಕಾರು ಪುಕ್ಕಟೆಯಾಗಿ ಬಾಳಲೆಂದು ಬಯಸುವುದು ಮಾತ್ರ ತಪ್ಪು.

ಮೊನ್ನೆ ನವರಾತ್ರಿಯ ಸಂಜೆ ನಾವು ಮೂವರೂ ಕಾಪುವಿನ ಹೆದ್ದಾರಿಯ ಬದಿಯಲ್ಲಿ ಬಸ್ಸಿಗೆ ಕಾದು ನಿಂತಿದ್ದೆವು. ಕಡುನೀಲಿಯ ಆ ಕಾರು ದಕ್ಷಿಣದಿಂದ ಬಂದು ಸದ್ದಿಲ್ಲದೆ ಉಡುಪಿಯ ಕಡೆಗೆ ಹಾದುಹೋಯಿತು. ಫಲಕ ಮಾತ್ರ ಕೆಎ–20ಕ್ಕೆ ಬದಲಾಗಿತ್ತು. ಹುಡುಗನು ಅದು ಕಣ್ಮರೆಯಾಗುವವರೆಗೂ ನೋಡಿ, “ಚೆನ್ನಾಗಿ ಓಡುತ್ತಿದೆ ಭಾವ” ಎಂದನು. ಮಾತಿನಲ್ಲಿ ಅಸೂಯೆಯಿರಲಿಲ್ಲ, ಆಸೆ ಇನ್ನೂ ಇತ್ತು.

ಮಾವನವರು ಕೊಡೆಯನ್ನು ಮಡಿಸುತ್ತಾ ಹೇಳಿದರು: “ಅವರು ದಿನವೂ ಪಿಗ್ಮಿ ಕಟ್ಟುತ್ತಿರಬೇಕು.”